ಕರೆವ್ವನ ತಾಳಿಯ ಕೆಂಪು ಬಿಲ್ಲೆ

ಶಿಗ್ಗಾಂವಿಯ ಪರಮೇಶಪ್ಪನಿಗೆ ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಸ್ಟೀಲ್ ಪರಮೇಶಪ್ಪ ಎಂದೇ ಹೆಸರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ಹಳ್ಳಿಯ ಹೆಂಗಸರಿಗೆ ಸ್ಟೀಲಿನ ಹುಚ್ಚು ಹಿಡಿದಿತ್ತು. ತಾಮ್ರ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕೈ ಸವೆದವರಿಗೆ, ಕಲಾಯಿಯವನ ದಾರಿ ನೋಡಿ ಸಾಕಾದವರಿಗೆ, ಮುಖ ಕಾಣುವಂತೆ ಹೊಳೆಯುವ ಡಬ್ಬಿ ತೋರಿಸಿದರೆ ಯಾರು ತಾನೇ ಬಿಟ್ಟಾರು? ಪರಮೇಶಪ್ಪ ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರಿನ ಸಂತೆಗಳಲ್ಲಿ ತಾಡಪತ್ರಿ ಹಾಸಿ, ಒಂದು ಕಡೆ ಹೊಸ ಪಾತ್ರೆ ಜೋಡಿಸಿ, ಇನ್ನೊಂದು ಕಡೆ ತಕ್ಕಡಿ ನೇತುಹಾಕಿ ಕೂರುತ್ತಿದ್ದ. ಅಜ್ಜಿ ತವರಿನಿಂದ ತಂದ ತಾಮ್ರದ ಹಂಡೆ ತಕ್ಕಡಿ ಏರುತ್ತಿತ್ತು. ಮೊಮ್ಮಗಳು ನಾಲ್ಕು ತಾಟು, ಒಂದು ಡಬ್ಬಿ ಹೊತ್ತುಕೊಂಡು ನಗುನಗುತ್ತ ಮನೆಗೆ ಹೋಗುತ್ತಿದ್ದಳು. ಆ ನಗುವಿನ ಲಾಭದಲ್ಲೇ ಪರಮೇಶಪ್ಪ ಮನೆಗೆ ಹೊಸ ಹಂಚು ಹೊದಿಸಿದ.

ಹಳೆ ಹಿತ್ತಾಳೆಯ ಚೀಲದ ತಳದಲ್ಲಿ ಪಾತ್ರೆಯಲ್ಲದ ಸಾಮಾನೂ ಬರುತ್ತಿತ್ತು. ಮುರಿದ ಗೆಜ್ಜೆ, ಬಾಗಿಲ ಚಿಲಕ, ದೇವರ ಗಂಟೆಯ ನಾಲಿಗೆ, ಜೊತೆಗೆ ಒಂದೊಂದು ಬಿಲ್ಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಚಿಲ್ಲರೆ ಕಾಸು ಕಣ್ಣಿಗೆ ಕಾಣದಂತಾದಾಗ ಹತ್ತಿ ಕಾರ್ಖಾನೆಯವರು ಆಳುಗಳಿಗೆ ಕೂಲಿಯೆಂದು ಕೊಟ್ಟ ಹಿತ್ತಾಳೆ ಬಿಲ್ಲೆ, ಜೋಳ ಹಂಚುವ ಅಂಗಡಿಯವರು ನಂಬರು ಒತ್ತಿಸಿ ಕೊಟ್ಟ ಬಿಲ್ಲೆ, ದಂಡಿನ ಕ್ಯಾಂಟೀನಿನಲ್ಲಿ ಒಂದು ಕಪ್ ಚಹಾಕ್ಕೆ ನಡೆಯುತ್ತಿದ್ದ ಬಿಲ್ಲೆ. ಯುದ್ಧ ಮುಗಿದ ಮೇಲೆ ಅವನ್ನು ಕೇಳುವವರಿರಲಿಲ್ಲ. ಕೆಲವು ಕೂಸುಗಳ ಉಡಿದಾರಕ್ಕೆ ಸೇರಿದವು, ಕೆಲವು ಎಮ್ಮೆಯ ಕೊರಳಿಗೆ ಹೋದವು, ಉಳಿದವು ಗೂಡಿನಲ್ಲಿ ದೂಳು ತಿನ್ನುತ್ತ ಬಿದ್ದವು.

ಒಮ್ಮೆ ಹುಬ್ಬಳ್ಳಿಯಲ್ಲಿ ಹಿತ್ತಾಳೆ ಇಳಿಸುವಾಗ ಹಳೆ ನಾಣ್ಯಗಳ ವ್ಯಾಪಾರ ಮಾಡುವ ಒಬ್ಬ ಸೇಠ ಆ ರಾಶಿಯಿಂದ ಒಂದು ಬಿಲ್ಲೆ ಹೆಕ್ಕಿ, ಹನ್ನೊಂದು ರೂಪಾಯಿ ಕೈಗಿಟ್ಟ. ಕಾಲು ಕಿಲೋ ಹಿತ್ತಾಳೆಗೂ ಅಷ್ಟು ಬರುತ್ತಿರಲಿಲ್ಲ. ಅಂದಿನಿಂದ ಪರಮೇಶಪ್ಪನ ಕಣ್ಣು ಹಂಡೆ ಬಿಟ್ಟು ಚೀಲದ ತಳಕ್ಕೆ ಇಳಿಯಿತು.

ಬಿಲ್ಲೆಯ ವಿದ್ಯೆ ಅವನಿಗೆ ಕಲಿಸಿದವರು ಸವಣೂರಿನ ದಸ್ತಗೀರಸಾಬರು. ಯುದ್ಧದ ಕಾಲದಲ್ಲಿ ದಂಡಿನ ಉಗ್ರಾಣದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಬರ್ಮಾದ ಕಾಡಿನವರೆಗೆ ಹೋಗಿ ಬಂದವರು. ಈಗ ಸಂತೆಯ ಹತ್ತಿರ ಎಲೆ ಅಡಿಕೆ ಅಂಗಡಿ ಇಟ್ಟಿದ್ದರು. ಎರಕ ಹೊಯ್ದ ಬಿಲ್ಲೆಯ ಅಂಚು ಒರಟು, ಅಚ್ಚಿನಲ್ಲಿ ಒತ್ತಿದ್ದರ ಅಂಚು ನುಣುಪು. ತೂತು ಕಾರ್ಖಾನೆಯದೋ, ಆಮೇಲೆ ಯಾರೋ ಉಡಿದಾರಕ್ಕೆಂದು ಮೊಳೆ ಹೊಡೆದದ್ದೋ ಎಂಬುದನ್ನು ಬೆರಳ ತುದಿಯಿಂದಲೇ ತಿಳಿಯಬೇಕು, ಮೊಳೆ ತೂತಿನ ಹಿಂಬದಿಗೆ ಲೋಹ ಸ್ವಲ್ಪ ಉಬ್ಬಿರುತ್ತದೆ. ಉಜ್ಜಿ ಹೊಳಪು ಮಾಡಿದ್ದಕ್ಕೆ ಅರ್ಧ ಬೆಲೆ. ಹೆಸರೋ ನಂಬರೋ ಓದಲು ಬಂದರೆ ದುಪ್ಪಟ್ಟು. ಇಷ್ಟನ್ನೂ ಸಾಬರು ಎಲೆಗೆ ಸುಣ್ಣ ಸವರುತ್ತಲೇ ಹೇಳಿಕೊಟ್ಟರು. ಪ್ರತಿ ಸಲ ಒಂದು ಮಾತು ಸೇರಿಸುತ್ತಿದ್ದರು. "ಮೊದಲ ಓದು, ಪರಮೇಶಪ್ಪ. ಓದಲಾರದ ಯಾವ ಬಿಲ್ಲೆದ್ದೂ ಜಾತಕ ಹೇಳಬ್ಯಾಡ."

ಬೆಲೆ ಕಟ್ಟುವ ವಿದ್ಯೆ ಮಾತ್ರ ಪರಮೇಶಪ್ಪನ ಸ್ವಂತದ್ದು. ಅವನು ಬಿಲ್ಲೆಯನ್ನು ಒಂದು ಗಳಿಗೆ ನೋಡಿ, ತಂದವರನ್ನು ನಾಲ್ಕು ಗಳಿಗೆ ನೋಡುತ್ತಿದ್ದ. ಹಿಮ್ಮಡಿ ಒಡೆದಿದೆಯೇ, ಊರಿಗೆ ಹೋಗುವ ಬಸ್ಸಿನ ಹೊತ್ತಾಗಿದೆಯೇ, ಕಂಕುಳಲ್ಲಿ ಕೆಮ್ಮುವ ಕೂಸಿದೆಯೇ. ಹಿರೇಕೆರೂರಿನ ಸಂತೆಯಲ್ಲಿ ಮಾರೆಪ್ಪನೆಂಬ ಮುದುಕ ಜ್ವರದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದು, ಔಷಧಕ್ಕೆಂದು ಆ ಕೂಸಿನ ಉಡಿದಾರದಿಂದ ಒಂದು ಬಿಲ್ಲೆ ಬಿಚ್ಚಿಕೊಟ್ಟ. ಬೇರೆಲ್ಲೂ ಸಿಗದ ಕಾರ್ಖಾನೆ ಬಿಲ್ಲೆ. ಪರಮೇಶಪ್ಪ ಅದನ್ನು ತಕ್ಕಡಿಗೆ ಹಾಕಿ, ಹಿತ್ತಾಳೆಯ ತೂಕಕ್ಕೆ ಎಂಟಾಣೆ ಎಣಿಸಿ, ಹುಬ್ಬಳ್ಳಿಯಲ್ಲಿ ಅರವತ್ತು ರೂಪಾಯಿಗೆ ಮಾರಿದ. ಇದನ್ನು ಅವನೇ ಹತ್ತು ಮಂದಿಯ ಮುಂದೆ ನಗುತ್ತ ಹೇಳುತ್ತಿದ್ದ. ಕೂಸಿನ ಜ್ವರ ಇಳಿಯಿತೇ ಎಂದು ಯಾರಾದರೂ ಕೇಳಿದರೆ ಅವನಿಗೆ ಗೊತ್ತಿರಲಿಲ್ಲ.

ಮಾರದೆ ಇಟ್ಟುಕೊಂಡ ಬಿಲ್ಲೆಗಳಿಗೆಂದೇ ಅವನ ಹತ್ತಿರ ಏಳು ಬಟ್ಟಲಿನ ಒಂದು ಮಸಾಲೆ ಡಬ್ಬಿಯಿತ್ತು. ಸಾಸಿವೆ, ಜೀರಿಗೆ ಇರಬೇಕಾದಲ್ಲಿ ಬಿಲ್ಲೆಗಳು. ಆರು ಬಟ್ಟಲು ತುಂಬಿದ್ದವು. ನಡುವಿನದು ಖಾಲಿ. ಅಲ್ಲಿ ದಂಡಿನ ಸಿಪಾಯಿಗಳು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಹೆಸರಿನ ಬಿಲ್ಲೆ ಬರಬೇಕಿತ್ತು. ಹುಬ್ಬಳ್ಳಿಯ ಸೇಠ ಅದಕ್ಕೆ ಕೇಳಿದಷ್ಟು ಕೊಡುತ್ತೇನೆಂದು ಎರಡು ಸಲ ಹೇಳಿದ್ದ. ನಾಲ್ಕು ತಾಲೂಕು ಸುತ್ತಿದರೂ ಪರಮೇಶಪ್ಪನಿಗೆ ಒಂದೂ ಸಿಕ್ಕಿರಲಿಲ್ಲ.

ಎಪ್ಪತ್ತೈದರಲ್ಲಿ ಸವಣೂರಿನ ಸಂತೆಗೆ ಹತ್ತಿಮತ್ತೂರಿನ ಕರೆವ್ವ ಬಂದಳು. ಐವತ್ತರ ಹತ್ತಿರದ ಹೆಂಗಸು, ಹಣೆ ತುಂಬ ಕುಂಕುಮ, ಎರಡೂ ಮುಂಗೈಗೆ ಹಸಿರು ಬಳೆ. ತಂಬಿಗೆಯೊಂದನ್ನು ಎತ್ತಿ ನೋಡಲು ಬಗ್ಗಿದಾಗ ತಾಳಿ ಕುಪ್ಪಸದಿಂದ ಹೊರಗೆ ಜಾರಿತು. ಕರಿಮಣಿಯ ನಡುವೆ, ಎರಡು ಗುಂಡುಗಳ ಪಕ್ಕದಲ್ಲಿ, ಬೆಳ್ಳಿಯ ಕಟ್ಟು ಹಾಕಿಸಿದ ಒಂದು ದುಂಡನೆಯ ಕೆಂಪು ಬಿಲ್ಲೆ ತೂಗಾಡಿತು. ಲೋಹದ್ದಲ್ಲ. ನಾರು ಅರೆದು ಒತ್ತಿದಂಥ ಗಟ್ಟಿ ಪದಾರ್ಥ. ಪರಮೇಶಪ್ಪನ ಕೈಯಲ್ಲಿದ್ದ ತೂಕದ ಕಲ್ಲು ಅಲ್ಲೇ ನಿಂತಿತು.

"ಯವ್ವಾ, ತಾಳ್ಯಾಗ ಕೆಂಪಂದು ಅದೇನದು?"

ಕರೆವ್ವ ಸೆರಗು ಎಳೆದುಕೊಂಡಳು. "ನಮ್ಮ ಯಜಮಾನರು ಕಳಿಸಿದ್ದು. ದಂಡಿನಾಗಿಂದ."

"ಯಾವಾಗ?"

"ನಾ ಹದಿನೆಂಟರಾಕಿ ಇದ್ದೆ. ಒಂದು ಪಾಕೀಟು ಬಂತು. ಇದನ್ನ ಜತನ ಮಾಡ್ರಿ, ಬಂದ ಮ್ಯಾಲ ಇದರ ಸುದ್ದಿ ಹೇಳ್ತೇನಿ ಅಂತ ಬರದಿದ್ರಂತ. ನಮ್ಮ ಮಾವ ಓದಿಸಿಕೊಂಡು ಬಂದು ಹೇಳಿದ."

"ಆಮ್ಯಾಲ?"

"ಆಮ್ಯಾಲ ಪಾಕೀಟು ಬರಲಿಲ್ಲ," ಎಂದಳು ಕರೆವ್ವ.

"ಒಂದು ಸ್ಟೀಲಿನ ಕೊಡ ಕೊಡ್ತೇನಿ. ಆ ಬಿಲ್ಲೆ ನನಗ ಕೊಡ್ರಿ."

"ತಾಳ್ಯಾಗಿಂದು ಯಾರರೆ ಮಾರ್ತಾರೇನ್ರಿ, ಸಾವುಕಾರ್ರ?" ಎಂದು ಅವಳು ನಕ್ಕು, ತಂಬಿಗೆ ಅಲ್ಲೇ ಇಟ್ಟು ಹೋದಳು.

ಕರೆವ್ವನ ಗಂಡ ಚೌಡಪ್ಪ ಮದುವೆಯಾದ ವರ್ಷವೇ ದಂಡಿಗೆ ಸೇರಿ ಹೋದವನು. ಅವನು ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಸುದ್ದಿ ಬಾರದೆ ಬಳೆ ಒಡೆಯುವ ಪದ್ಧತಿ ಇಲ್ಲ. ಅವರ ಜನದಲ್ಲಿ ಗಂಡ ಸತ್ತ ಹೆಣ್ಣು ಉಡಿಕಿ ಮಾಡಿಕೊಂಡು ಇನ್ನೊಂದು ಮನೆ ಸೇರುವುದುಂಟು. ಅಣ್ಣ ಎರಡು ಸಲ ಬಂದು, ಇನ್ನು ಅವನು ಬರುವ ಮಾತು ಸುಳ್ಳು, ಉಡಿಕಿ ಆಗು ಎಂದು ಕರೆದಾಗ, ಅವಳು ಈ ಬಿಲ್ಲೆಯನ್ನು ತೋರಿಸಿ ಕಳಿಸಿದ್ದಳು. ಆಮೇಲೆ ಪತ್ತಾರನ ಕಡೆಯಿಂದ ಅದಕ್ಕೆ ಬೆಳ್ಳಿ ಕಟ್ಟು ಹಾಕಿಸಿ ತಾಳಿಗೆ ಪೋಣಿಸಿಕೊಂಡಳು. ದಿನಾ ಬೆಳಿಗ್ಗೆ ಮಿಂದು ತಾಳಿಗೆ ಅರಿಸಿನ ಕುಂಕುಮ ಹಚ್ಚುವಾಗ ಅದಕ್ಕೂ ಹಚ್ಚುತ್ತಿದ್ದಳು. ಮಾವ ಸತ್ತ, ಹೊಲ ದಾಯಾದಿಗಳ ಪಾಲಾಯಿತು, ಅವಳು ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿ ಹೊಟ್ಟೆ ಹೊರೆದಳು. ಮಕ್ಕಳಿಲ್ಲ, ಮರಿಗಳಿಲ್ಲ.

ಆದರೆ ಊರಲ್ಲಿ ಅವಳಿಗೊಂದು ಜಾಗವಿತ್ತು. ಇಷ್ಟು ವರ್ಷ ಗಂಡನ ಮುಖ ಕಾಣದೆಯೂ ಕುಂಕುಮ ಉಳಿಸಿಕೊಂಡವಳು ಎಂದು ಹೆಂಗಸರು ಅವಳನ್ನೇ ಹಿರೇ ಮುತ್ತೈದೆ ಮಾಡಿದ್ದರು. ಮದುಮಕ್ಕಳನ್ನು ಮೀಯಿಸುವ ಸುರಗಿಯಲ್ಲಿ ಮೊದಲ ತಂಬಿಗೆ ನೀರು ಅವಳ ಕೈಯಿಂದ. ಬಸುರಿಯ ಕುಬುಸದಲ್ಲಿ ಮೊದಲ ಉಡಿ ಅವಳಿಗೆ. ಕರೆಯಲು ಬಂದವರು ಹೊಸ್ತಿಲಲ್ಲಿ ನಿಂತು "ಕರೆವ್ವತ್ತಿ, ಬರ್ರಿ, ನೀವಿಲ್ದ ಹೆಂಗ ಸುರು ಮಾಡೂದು" ಎಂದರೆ, ಕೂಲಿಯಿಂದ ದಣಿದು ಬಂದ ಹೆಂಗಸು ಸೀರೆ ಬದಲಿಸಿ ಓಡುತ್ತಿದ್ದಳು. ಅವಳಿಗೆ ಈ ಲೋಕದಲ್ಲಿ ಇದ್ದದ್ದು ಅದೊಂದೇ ಕರೆ. ಅದು ತಪ್ಪಿದರೆ ಅವಳು ಇದ್ದೂ ಇಲ್ಲದವಳು.

ಪರಮೇಶಪ್ಪ ನಾಲ್ಕು ವರ್ಷ ಅವಳ ಬೆನ್ನು ಬಿಡಲಿಲ್ಲ. ಕೊಡ ಹೋಗಿ ಹಂಡೆಯಾಯಿತು, ಹಂಡೆಯ ಮೇಲೆ ಸೀರೆ ಬಂತು, ಸೀರೆಯ ಮೇಲೆ ನಗದು ಬಂತು. ಅವಳು ಪ್ರತಿ ಸಲ ನಕ್ಕು ಹೋಗುತ್ತಿದ್ದಳು. ಬೇರೆಯವರು ಅತ್ತು ಕೊಟ್ಟದ್ದನ್ನು ಕಂಡವನಿಗೆ ಇವಳು ನಕ್ಕು ಕೊಡದೆ ಹೋಗುವುದು ಸಹಿಸಲಾಗುತ್ತಿರಲಿಲ್ಲ. ಕಡೆಕಡೆಗೆ ಬಿಲ್ಲೆಗಿಂತ ಆ ನಗುವೇ ಅವನ ಹೊಟ್ಟೆ ಉರಿಸಿತು.

ಎಪ್ಪತ್ತೊಂಬತ್ತರ ದಸರೆಯ ಹೊತ್ತಿಗೆ ಅವನು ದಸ್ತಗೀರಸಾಬರ ಅಂಗಡಿಗೆ ಹೋಗಿ, ಯಾರದೆಂದು ಹೇಳದೆ, ಕೆಂಪು ಬಿಲ್ಲೆಯ ಬಣ್ಣ, ಅಳತೆ ಎಲ್ಲ ವಿವರಿಸಿದ. ಸಾಬರ ಕೈ ಎಲೆಯ ಮೇಲೆ ತಡೆಯಿತು.

"ಎಲ್ಲಿ ನೋಡಿದಿ?"

"ಒಬ್ಬಾಕಿ ತಾಳ್ಯಾಗ ಹಾಕ್ಕೊಂಡಾಳ್ರಿ."

ಸಾಬರು ಸುಣ್ಣದ ಡಬ್ಬಿ ಮುಚ್ಚಿಟ್ಟರು. ಆಮೇಲೆ ಹೇಳಿದರು. ಸಿಪಾಯಿಯ ಕೊರಳಲ್ಲಿ ಎರಡು ಬಿಲ್ಲೆ ಇರುತ್ತಿದ್ದವು, ಒಂದು ಹಸಿರು, ಎಂಟು ಮೂಲೆಯದು, ಇನ್ನೊಂದು ಕೆಂಪು, ದುಂಡನೆಯದು. ಮನುಷ್ಯ ಸತ್ತರೆ ಹಸಿರನ್ನು ಹೆಣದ ಜೊತೆ ಮಣ್ಣಿಗೆ ಬಿಡುತ್ತಿದ್ದರು. ಕೆಂಪನ್ನು ಕತ್ತರಿಸಿ ತೆಗೆದು ಸತ್ತವರ ಲೆಕ್ಕಕ್ಕೆ ಕಳಿಸುತ್ತಿದ್ದರು. "ನನ್ನ ಕೈಲೆ ನಾ ಎಷ್ಟೋ ಕತ್ತರಿಸೇನಿ. ಜೀವಂತ ಇದ್ದಾವ ಅದನ್ನ ಬಿಚ್ಚಿ ಮನಿಗೆ ಕಳಸೂದಿಲ್ಲ. ಅದರ ಮ್ಯಾಲಿನ ಹೆಸರು ಓದಿದೇನು?"

"ಹೆಸರು ಅಂಚಿಗೆ ಐತಿ. ಬೆಳ್ಳಿ ಕಟ್ಟಿನಾಗ ಮುಚ್ಚಿಹೋಗೇತಿ."

"ಹಂಗಾರ ನೀನೂ ಬಾಯಿ ಮುಚ್ಚು," ಎಂದರು ಸಾಬರು. "ಓದಿದ್ರೂ ಆಕೀ ಮುಂದ ಹೇಳಬ್ಯಾಡ. ಇಷ್ಟು ವರ್ಷ ಆತು. ಇನ್ನ ಹೇಳಿದ್ರ ಯಾರಿಗೆ ಏನು ಉಪಯೋಗ?"

ಯಾರಿಗೆ ಉಪಯೋಗವೆಂಬುದು ಪರಮೇಶಪ್ಪನಿಗೆ ಆ ಕ್ಷಣವೇ ಹೊಳೆದಿತ್ತು. ಮುತ್ತೈದೆಯ ತಾಳಿಯಿಂದ ಬಿಲ್ಲೆ ಬಿಚ್ಚಿಸುವುದು ಆಗದ ಮಾತು. ವಿಧವೆಯ ತಾಳಿಯನ್ನು ಊರೇ ಬಿಚ್ಚುತ್ತದೆ.

ಮರುದಿನವೇ ಅವನು ಹತ್ತಿಮತ್ತೂರಿಗೆ ಹೋದ. ಕರೆವ್ವ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಅವನು ಬೆಲ್ಲ ಬಾಯಿಗೆ ಹಾಕಿಕೊಂಡು, ಹಸಿರು ಬಿಲ್ಲೆ ಕೆಂಪು ಬಿಲ್ಲೆಯ ಕಥೆಯನ್ನು ಒಂದೂ ಬಿಡದಂತೆ ಹೇಳಿದ.

"ಸುಳ್ಳು," ಎಂದಳು ಕರೆವ್ವ. "ಪಾಕೀಟಿನಾಗ ಅವರ ಬರದದ್ದು. ನಮ್ಮ ಮಾವ ಹೇಳಿದ."

"ನಿಮ್ಮ ಮಾವ ಹೇಳಿದ ಖರೆ. ನೀವು ಓದಿದ್ರೇನು? ಯೋಚನೆ ಮಾಡ್ರಿ ಯವ್ವಾ. ಮಗ ಸತ್ತ ಅಂತ ಹೇಳಿದ್ರ ನೀವು ಉಡಿಕಿ ಆಗಿ ಹೋಗ್ತಿದ್ರಿ. ಹೊಲದಾಗ ದುಡಿಯೂ ಕೈ ಎರಡು ಕಡಿಮಿ ಆಗ್ತಿದ್ದು."

ಕರೆವ್ವನ ಕೈಯಲ್ಲಿದ್ದ ಮೊರ ನಿಂತಿತು. ಮಾವ ಸತ್ತು ಇಪ್ಪತ್ತು ವರ್ಷವಾಗಿತ್ತು. ಮಗಳಂತೆ ನೋಡಿಕೊಂಡಿದ್ದ ಮುದುಕ. ಸಾಯುವಾಗ ಅವಳ ಕೈ ಹಿಡಿದುಕೊಂಡೇ ಸತ್ತಿದ್ದ. ಅವನ ಬಗ್ಗೆ ಇಂಥ ಸಂಶಯ ಅವಳ ತಲೆಗೆ ಈವರೆಗೆ ಯಾರೂ ಹಾಕಿರಲಿಲ್ಲ. ಪರಮೇಶಪ್ಪ ಹಾಕಿದ, ಹಾಕಿದ್ದು ಒಳಗಿಳಿಯುವುದನ್ನು ನೋಡುತ್ತ ಕೂತ.

"ನಾ ಯಾರ ಮುಂದೂ ಹೇಳಂಗಿಲ್ಲ. ಬಿಲ್ಲೆ ಕೊಟ್ಟಬಿಡ್ರಿ. ಅದರ ಜಾಗಾಕ್ಕ ಒಂದು ಬೆಳ್ಳಿ ಗುಂಡು ಹಾಕಿಸಿ ಕೊಡ್ತೇನಿ. ನಿಮ್ಮ ಕುಂಕುಮ ನಿಮಗ."

"ಏಳ್ರಿ ಮ್ಯಾಲೆ," ಎಂದಳು ಕರೆವ್ವ. ಈ ಸಲ ಅವಳು ನಗಲಿಲ್ಲ. "ಇದನ್ನ ಬಿಚ್ಚೂದು ನಾ ಸತ್ತ ಮ್ಯಾಲೆ."

ಅವನು ಎದ್ದ. ಆದರೆ ಬಸ್ಸಿನ ಕಡೆ ಹೋಗದೆ ಅಡಿವೆವ್ವನ ಮನೆಗೆ ಹೋದ. ಅಡಿವೆವ್ವ ಆ ಊರಲ್ಲಿ ಉಂಡು ಉಡುವ ಮನೆಯ ಯಜಮಾನಿ. ಮುಂದಿನ ವಾರ ಕಿರಿಮಗಳ ಕುಬುಸವಿತ್ತು, ಕೊಡುವುದಕ್ಕೆಂದು ಸ್ಟೀಲಿನ ಬಟ್ಟಲು ತರಲು ಹೇಳಿದ್ದಳು. ಅಂದು ಎಷ್ಟು ಬಟ್ಟಲು, ಯಾವ ದಿನ ಎಂದಷ್ಟೇ ಕೇಳಿಕೊಂಡು ಬಂದ. ಅವಳ ಹಿರಿಮಗಳು ಮದುವೆಯಾಗಿ ಹತ್ತು ತಿಂಗಳಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಮೂಲೆ ಹಿಡಿದಿದ್ದಳು. ಅದನ್ನೂ ಪರಮೇಶಪ್ಪ ಬಲ್ಲ. ಯಾರ ಮನೆಯಲ್ಲಿ ಎಲ್ಲಿ ಹುಣ್ಣಿದೆ ಎಂಬುದು ಅವನ ವ್ಯಾಪಾರದ ಬಂಡವಾಳ.

ಕುಬುಸದ ದಿನ ಬಟ್ಟಲುಗಳ ಗಂಟು ಹೊತ್ತು ಬಂದ. ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಕರೆವ್ವ ಮಣೆಯ ಮೇಲೆ ಕೂತಿದ್ದಳು, ಮುಖ ಬಾಡಿತ್ತು. ಕರೆಯಲು ಹೋದಾಗ ಬರುವುದಿಲ್ಲ ಎಂದಿದ್ದಳಂತೆ, ಇವರೇ ಬಿಡದೆ ಕರೆತಂದಿದ್ದರು. ಅವಳ ಉಡಿಗೆ ಅಕ್ಕಿ ಬಿದ್ದಿತ್ತು, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಕುಪ್ಪಸದ ಕಣ ಬಿದ್ದಿದ್ದವು. ಪರಮೇಶಪ್ಪ ಅಡಿವೆವ್ವನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಹೇಳಿದ. ಕೆಂಪು ಬಿಲ್ಲೆ ಸತ್ತವರದೆಂಬುದನ್ನು ಹೇಳಿದ, ಉಳಿದದ್ದನ್ನು ಕೇಳಿದ ಅಷ್ಟೆ.

"ಅವ್ವಾರ, ದೊಡ್ಡ ಮಗಳ ಸುರಗ್ಯಾಗ ಮೊದಲ ನೀರು ಯಾರ ಹಾಕಿದ್ರು?"

ಅಡಿವೆವ್ವ ಪಡಸಾಲೆಗೆ ಬಂದಾಗ ಅವಳ ಮುಖ ನೋಡಿಯೇ ಹಾಡುವವರು ಹಾಡು ನಿಲ್ಲಿಸಿದರು.

"ಏಳಽ," ಎಂದಳು. ಇಷ್ಟು ವರ್ಷ ಬರ್ರಿ ಹೋಗ್ರಿ ಎಂದವಳ ಬಾಯಲ್ಲಿ ಈಗ ಏಕವಚನ. "ಉಡಿ ಸುರುವು ಇಲ್ಲೆ. ಗಂಡನ್ನ ತಿಂದು ಕುಂಕುಮ ಹಚ್ಕೊಂಡು ಮಂದಿ ಮಕ್ಕಳ ತಲಿ ಮ್ಯಾಲೆ ನೀರು ಹಾಕಿದೀ. ನನ್ನ ಮಗಳು ಮೂಲ್ಯಾಗ ಕುಂತಾಳ ನೋಡು, ಕಣ್ಣು ತಗದು ನೋಡು."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಸಾವುಕಾರ ಹೇಳಿದ ಕೆಂಪು ಬಿಲ್ಲೆಯ ಸುದ್ದಿಯನ್ನು ಅಡಿವೆವ್ವ ಬಿಡಿಸಿ ಹೇಳಿದ ಮೇಲೆ ಒಬ್ಬೊಬ್ಬಳಿಗೂ ಒಂದೊಂದು ನೆನಪಾಯಿತು. ಒಬ್ಬಳ ತಂಗಿಗೆ ಬಸುರು ಇಳಿದದ್ದು, ಇನ್ನೊಬ್ಬಳ ಸೊಸೆ ಬಾವಿಗೆ ಬಿದ್ದದ್ದು. ಊರಲ್ಲಿ ಮೂವತ್ತು ವರ್ಷದಿಂದ ಒಡೆಯದೆ ಉಳಿದ ಸಂಕಟವೆಲ್ಲ ಒಂದೇ ಹೆಂಗಸಿನ ಉಡಿಗೆ ಬಿತ್ತು. ಕಾರಣ ಸಿಕ್ಕಾಗ ಮನುಷ್ಯರಿಗೆ ಎಷ್ಟು ಹಗುರಾಗುತ್ತದೆ ಎಂಬುದನ್ನು ನೋಡಬೇಕಾದರೆ ಅಂದು ಆ ಪಡಸಾಲೆಯಲ್ಲಿ ಇರಬೇಕಿತ್ತು.

ಗುತ್ತೆವ್ವ ಎಂಬ ಮುದುಕಿ ಮಾತ್ರ, "ತಡೀರೇ, ಸಾವುಕಾರ್ರನ್ನ ಒಂದ ಸಲ ಕೇಳ್ರಿ, ಖರೇನ ಹೌದೇನು ಅಂತ," ಎಂದಳು.

"ಖರೆ," ಎಂದ ಪರಮೇಶಪ್ಪ.

ಕರೆವ್ವ ಅವನ ಕಡೆ ನೋಡಿದಳು. "ನೀವು ಅದನ್ನ ಓದಿರೇನ್ರಿ?"

"ಓದೂದೇನು ಬ್ಯಾಡ. ಬಣ್ಣ ನೋಡಿದ್ರ ಗೊತ್ತಾಗ್ತೈತಿ. ಕೆಂಪು ಬಿಲ್ಲೆ ಅಂದ್ರ ಹೆಣದ ಮ್ಯಾಲಿಂದು."

ಅವಳು ಎದ್ದು, ಉಡಿಯನ್ನು ತಾನೇ ಮಣೆಯ ಮೇಲೆ ಸುರುವಿದಳು. ಒಂದು ಕಾಳೂ ಉಳಿಯದಂತೆ ಸೆರಗು ಝಾಡಿಸಿದಳು. ಆಮೇಲಿನದನ್ನು ಹೆಂಗಸರೇ ಮಾಡಿದರು. ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಿಗೆ ಕೈ ಬಡಿದು ಬಳೆ ಒಡೆದರು. ಎಡಗೈಯ ಒಂದು ಬಳೆ ಒಡೆಯದೆ ಮೂರು ಸಲ ಬಡಿಯಬೇಕಾಯಿತು, ಮುಂಗೈಯಿಂದ ರಕ್ತ ಬಂತು. ಹಣೆ ಒರೆಸಿದರು, ಕರಿಮಣಿ ಹರಿದರು. ಅವಳ ಕೈಯಿಂದಲೇ ಸುರಗಿ ನೀರು ಹಾಕಿಸಿಕೊಂಡು ಗಂಡನ ಮನೆಗೆ ಹೋಗಿ, ನಾಲ್ಕು ಮಕ್ಕಳನ್ನು ಹೆತ್ತು ಸುಖವಾಗಿದ್ದವರೂ ಅಲ್ಲಿದ್ದರು. ಅವರೂ ಅವಳ ಕೈ ಅಲುಗದಂತೆ ಹಿಡಿದುಕೊಂಡರು.

ಬಿಲ್ಲೆಯನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ಬಾವಿಗೆ ಒಗೆಯಿರಿ ಎಂದರು.

"ನಾ ಒಯ್ತೇನಿ. ನಿಮ್ಮೂರಿಗೆ ಯಾಕ ಪೀಡೆ," ಎಂದ ಪರಮೇಶಪ್ಪ, ಬಲು ಉಪಕಾರ ಮಾಡುವವನಂತೆ. ಗಂಟಿನಿಂದ ಒಂದು ಸ್ಟೀಲಿನ ಬಟ್ಟಲು ತೆಗೆದು ಕರೆವ್ವನ ಪಕ್ಕದಲ್ಲಿಟ್ಟ. ಪುಕ್ಕಟೆ ಒಯ್ದ ಎಂಬ ಮಾತು ಬರಬಾರದಲ್ಲ.

ಹುಬ್ಬಳ್ಳಿಯಲ್ಲಿ ಸೇಠ ಸಣ್ಣ ಇಕ್ಕಳದಿಂದ ಬೆಳ್ಳಿಯ ಕಟ್ಟನ್ನು ಬಿಡಿಸಿದ. ಅರಿಸಿನ ಕುಂಕುಮ ಮೆತ್ತಿ ಮೆತ್ತಿ ನಡುವಿನ ನಂಬರು ಅಳಿಸಿಹೋಗಿತ್ತು. ಆದರೆ ಕಟ್ಟಿನ ಅಡಿಯಲ್ಲಿದ್ದ ಅಂಚು ಮೊನ್ನೆ ಒತ್ತಿದಂತೆ ಸ್ವಚ್ಛವಾಗಿತ್ತು. ಸೇಠ ಭೂತಗನ್ನಡಿ ಹಿಡಿದು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದ.

"ಧೋಂಡಿ. ಆಮ್ಯಾಲ ಅವರಪ್ಪನ ಹೆಸರು ಇರಬೇಕು, ಬಾಳು. ಧೋಂಡಿ ಬಾಳು."

"ಚೌಡಪ್ಪ ಅಂತ ಇಲ್ಲೇನ್ರಿ?"

"ಚೌಡಪ್ಪ ಎಲ್ಲಿಂದ ಬರಬೇಕು? ಈಂವ ಬೆಳಗಾಂವ ಕಡೆ ಮರಾಠಾ ಮನಷ್ಯಾ ಕಾಣ್ತಾನ. ಜೋಡಿದಾರ ಸತ್ತಾಗ ಬಿಲ್ಲೆ ತಗದು ಇಟ್ಕೊಂಡು, ಊರಿಗೆ ಹೋದ ಮ್ಯಾಲ ಅವರ ಮನಿಗೆ ಮುಟ್ಟಸೋಣ ಅಂತ ಇಡತಿದ್ರು ಕೆಲವರು. ಹಂಗ ಬಂದಿರಬೇಕು."

ಪರಮೇಶಪ್ಪನಿಗೆ ಕೂತಲ್ಲೇ ಬೆವರು ಬಂತು. ಜತನ ಮಾಡ್ರಿ, ಬಂದ ಮ್ಯಾಲ ಇದರ ಸುದ್ದಿ ಹೇಳ್ತೇನಿ. ಚೌಡಪ್ಪ ನಿಜವಾಗಿಯೂ ಬರೆದಿದ್ದ. ಮಾವ ಸುಳ್ಳು ಹೇಳಿರಲಿಲ್ಲ. ಕರೆವ್ವ ಮೊದಲ ದಿನ ಸಂತೆಯಲ್ಲಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಚೌಡಪ್ಪ ಆಮೇಲೆ ಸತ್ತನೋ, ಎಲ್ಲಿಯಾದರೂ ಇದ್ದಾನೋ, ಅದನ್ನು ಈ ಬಿಲ್ಲೆ ಹೇಳುವುದಿಲ್ಲ. ಹೇಳಿದವನು ತಾನು.

ಈ ಬೆವರು ಪಶ್ಚಾತ್ತಾಪದ್ದು ಎಂದುಕೊಂಡವರಿಗೆ ಪರಮೇಶಪ್ಪ ಇನ್ನೂ ಅರ್ಥವಾಗಿಲ್ಲ. ತಪ್ಪು ಓದಿದ ಎಂದು ಗೊತ್ತಾದರೆ ನಾಲ್ಕು ತಾಲೂಕಿನಲ್ಲಿ ತನ್ನ ಮಾತಿಗೆ ಏನು ಬೆಲೆ ಉಳಿದೀತು, ಅಡಿವೆವ್ವನ ಮನೆಯ ಗಂಡಸರು ಸುಮ್ಮನೆ ಬಿಟ್ಟಾರೇ ಎಂಬ ಭಯ ಅದು. ಆ ಭಯದಲ್ಲಿ ಮಸಾಲೆ ಡಬ್ಬಿಯ ನಡುಬಟ್ಟಲಿನ ಆಸೆಯನ್ನೂ ಬಿಟ್ಟ. ಇಂಥದ್ದು ಮನೆಯಲ್ಲಿರುವುದು ಬೇಡವೆಂದು ಬಿಲ್ಲೆಯನ್ನು ಸೇಠನಿಗೇ ಕೊಟ್ಟ. ಹೆಸರು ಸ್ಪಷ್ಟವಾಗಿದ್ದುದರಿಂದ ಬೆಲೆ ಚೆನ್ನಾಗಿಯೇ ಬಂತು. ಸವಣೂರಿಗೆ ಬಂದಾಗ ದಸ್ತಗೀರಸಾಬರು ಕರೆದು, "ಹತ್ತಿಮತ್ತೂರ ಸುದ್ದಿ ಕೇಳಿದೆ. ಹೆಸರು ಓದಿದೇನು?" ಎಂದರು.

"ಓದಿದೆ. ಚೌಡಪ್ಪ ಅಂತನ ಇತ್ತು."

ಸಾಬರು ಬೇರೆ ಗಿರಾಕಿಯ ಕಡೆ ತಿರುಗಿಕೊಂಡರು. ಆಮೇಲೆ ಅವನಿಗೆ ಅವರು ಎಲೆ ಮಡಚಿ ಕೊಡಲಿಲ್ಲ.

ಎಂಬತ್ತರ ಸಂಕ್ರಮಣ ಮುಗಿದ ಮೇಲಿನ ಸಂತೆಯಲ್ಲಿ ಕರೆವ್ವ ಬಂದಳು. ಬೋಳು ಹಣೆ, ಬೋಳು ಕೈ. ಮದುವೆ ಕಾರ್ಯಕ್ಕೆಂದು ಪಾತ್ರೆ ಆರಿಸುತ್ತಿದ್ದ ಇಬ್ಬರು ಹೆಂಗಸರು ಅವಳು ಎದುರಿಗೆ ಬಂದಳೆಂದು ಮುಖ ತಿರುಗಿಸಿ ಸರಿದು ನಿಂತರು. ಅವಳು ತಾಡಪತ್ರಿಯ ಅಂಚಿನಲ್ಲಿ, ಯಾವ ಪಾತ್ರೆಯೂ ತಾಕದಷ್ಟು ದೂರದಲ್ಲಿ ಕೂತಳು. ಜಗಳಕ್ಕೆ ಬಂದಳೆಂದು ಪರಮೇಶಪ್ಪ ತಕ್ಕಡಿಯ ದಾರ ಗಟ್ಟಿಯಾಗಿ ಹಿಡಿದುಕೊಂಡ.

"ಸಾವುಕಾರ್ರ, ಒಂದು ಮಾತು ಕೇಳಾಕ ಬಂದೇನಿ. ಬಿಲ್ಲೆ ಕೇಳಾಕ ಬಂದಿಲ್ಲ," ಎಂದಳು. ದನಿ ಸಣ್ಣಗಾಗಿತ್ತು. "ಅವರು ಸತ್ತು ಮೂವತ್ತೈದು ವರ್ಷ ಆತಲ್ರಿ. ಯಾರೂ ಒಂದು ಎಡಿ ಹಿಡದಿಲ್ಲ, ಒಂದು ತಂಬಿಗಿ ನೀರು ಬಿಟ್ಟಿಲ್ಲ. ಉಪಾಸ ಅದಾರ ಅವರು. ನನಗ ನಿದ್ದಿ ಬರೂದಿಲ್ಲ. ಇನ್ನ ಮ್ಯಾಲರೆ ಸತ್ತ ದಿನ ನೋಡಿ ಎಡಿ ಹಿಡೀಬೇಕು. ಅದರಾಗ ತಾರೀಖು ಬರದಿತ್ತೇನ್ರಿ?"

ಪರಮೇಶಪ್ಪನ ಬಾಯಿಗೆ ಒಂದು ಹೆಸರು ಬಂದು ನಿಂತಿತ್ತು. ಅದು ನಿಮ್ಮ ಗಂಡನದಲ್ಲ, ಧೋಂಡಿ ಎಂಬುವವನದು ಎಂದಿದ್ದರೆ ಸಾಕಿತ್ತು. ಬಳೆಗಾರ ನಾಲ್ಕು ಅಂಗಡಿ ಆಚೆ ಕೂತಿದ್ದ. ಸರಿದು ನಿಂತ ಹೆಂಗಸರು ಕಿವಿ ಈ ಕಡೆ ಇಟ್ಟಿದ್ದರು.

"ಇತ್ತು," ಎಂದ. "ಮಾರ್ಚ್ ಹತ್ತನೇ ತಾರೀಖು."

"ಯಾವ ಹುಣ್ಣಿವಿ, ಯಾವ ಅಮಾಸಿ ಹತ್ತರ ಬರ್ತೈತ್ರಿ ಅದು? ನನಗ ತಾರೀಖು ತಿಳಿಯೂದಿಲ್ಲ."

"ಹೋಳಿ ಹುಣ್ಣಿವಿ ದಿನ."

"ಹೋಳಿ ಹುಣ್ಣಿವಿ," ಎಂದಳು ಕರೆವ್ವ. ಬೆರಳು ಮಡಚಿ ಏನೋ ಎಣಿಸಿದಳು. "ಪ್ರತಿ ಹೋಳಿ ಹುಣ್ಣಿವಿಗೆ ಹೋಳಿಗಿ ಮಾಡಿ ಉಂಡೇನ್ರಿ ನಾನು. ಅವರಿಗೆ ಹೋಳಿಗಿ ಅಂದ್ರ ಪ್ರಾಣ, ಬಂದಾರು ಅಂತ ಹೇಳಿ ಎರಡು ತಗದೂ ಇಡತಿದ್ದೆ. ಆಮ್ಯಾಲ ಅವನ್ನೂ ನಾನಽ ತಿಂತಿದ್ದೆ."

ಅವಳು ನೆಲಕ್ಕೆ ಕೈಯೂರಿ ಎದ್ದಳು. ಎದ್ದು, ಎರಡೂ ಬೋಳು ಕೈ ಜೋಡಿಸಿ ಅವನಿಗೆ ನಮಸ್ಕಾರ ಮಾಡಿದಳು.

"ನೀವು ಹೇಳದಿದ್ರ ನನಗ ತಿಳೀತಿದ್ದಿಲ್ಲ. ದೊಡ್ಡ ಉಪಕಾರ ಆತ್ರಿ."

ಬಸ್ಸಿಗೆ ಹೋಗುವ ದಾರಿಯುದ್ದಕ್ಕೂ ಮರೆತುಹೋದೀತೆಂದು ಅವಳು ಹೋಳಿ ಹುಣ್ಣಿವಿ, ಹೋಳಿ ಹುಣ್ಣಿವಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ನಡೆದಳು. ಸರಿದು ನಿಂತಿದ್ದ ಹೆಂಗಸರು ಮುಂದೆ ಬಂದು ಕೊಡದ ಬೆಲೆ ಕೇಳಿದರು, ಪರಮೇಶಪ್ಪ ಹೇಳಿದ.